ಕೊಕೊ, ಸೊಕೊ, ಅಸೊಕೊ: ಟೋಕಿಯೋದ ಕೌಂಟರುಗಳಲ್ಲಿ ಕಲಿತ ದಾರಿ ತೋರುವ ಪದಗಳು

ಪತಿಯ ಉದ್ಯೋಗದ ಕಾರಣ ಮಗಳೊಂದಿಗೆ ಟೋಕಿಯೋಗೆ ಬಂದು, ವಿಳಾಸದ ನೋಂದಣಿಯಿಂದ ಹಿಡಿದು ಶಾಲಾ ಪ್ರವೇಶ ಮತ್ತು ಬ್ಯಾಂಕ್ ಖಾತೆಯವರೆಗಿನ ಕೆಲಸಗಳನ್ನೆಲ್ಲ ಈಗಷ್ಟೇ ಮುಗಿಸಿದ್ದೇನೆ. ಯಾವ ಕಾಗದಪತ್ರ ಬೇಕು ಎಂಬುದನ್ನು ಪತಿಯ ಸಹೋದ್ಯೋಗಿಗಳು ಮೊದಲೇ ತಿಳಿಸಿದ್ದರು. ಹಾಗಿದ್ದರೂ ನನ್ನನ್ನು ಹೆಚ್ಚು ದಣಿಸಿದ್ದು ಕಾಗದಗಳಲ್ಲ. 'ಇಲ್ಲಿ ಬರೆಯಿರಿ, ಅಲ್ಲಿ ಕೂರಿ, ಆ ಕಡೆಯ ಕೌಂಟರಿಗೆ ಹೋಗಿ' ಎಂಬ, ಅರ್ಧ ನಿಮಿಷವೂ ಹಿಡಿಯದ ಮಾತುಗಳು. ಜಪಾನೀ ಭಾಷೆಯಲ್ಲಿ ಹತ್ತಿರದ ಮತ್ತು ದೂರದ ಸ್ಥಳಗಳನ್ನು ತೋರುವ ಪದಗಳು ಪುಸ್ತಕದ ಮೊದಲ ಪಾಠಗಳಲ್ಲೇ ಬರುತ್ತವೆ. ಅವು ಕಚೇರಿಯ ಒಳಗೆ ಹೇಗೆ ಬಳಕೆಯಾಗುತ್ತವೆ ಎಂಬುದನ್ನು, ನನ್ನ ಹಿಂದೆ ಬರಲಿರುವವರಿಗಾಗಿ, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಸಂಜೆಯ ಜಪಾನೀ ತರಗತಿಗೆ ಸೇರಿದಾಗ ಶಿಕ್ಷಕಿ ಹಲಗೆಯ ಮೇಲೆ ಒಂದು ಕೋಷ್ಟಕ ಬರೆದರು. 'ಕೊ' ಎಂದು ಆರಂಭವಾಗುವುದು ಹತ್ತಿರದ್ದು, 'ಸೊ' ನಡುವಿನದು, 'ಅ' ದೂರದ್ದು, 'ದೊ' ಪ್ರಶ್ನೆ. ಸ್ಥಳಕ್ಕೆ ಕೊಕೊ, ಸೊಕೊ, ಅಸೊಕೊ, ದೊಕೊ. ವಸ್ತುವಿಗೆ ಕೊರೆ, ಸೊರೆ, ಅರೆ, ದೊರೆ. ದಿಕ್ಕಿಗೆ ಕೊಚಿರ, ಸೊಚಿರ, ಅಚಿರ, ದೊಚಿರ. ಉಳಿದವೆಲ್ಲ ಸಾಲಾಗಿ ನಿಂತಿರುವಾಗ 'ಅಸೊಕೊ' ಮಾತ್ರ ನಡುವೆ ಒಂದು ಅಕ್ಷರ ಹೆಚ್ಚಿಗೆ ಇಟ್ಟುಕೊಂಡಿದೆ ಎಂಬುದನ್ನು ಬಿಟ್ಟರೆ ಕೋಷ್ಟಕ ಬಹಳ ಅಚ್ಚುಕಟ್ಟಾಗಿತ್ತು. ಕನ್ನಡದವರಿಗೆ ಇದು ಹೊಸದೇನೂ ಅಲ್ಲವೆಂದು ನಮ್ಮಲ್ಲಿ ಹಲವರಿಗೆ ಅನ್ನಿಸಿತು. ಇಲ್ಲಿ, ಅಲ್ಲಿ, ಎಲ್ಲಿ ಎಂದು ಮೊದಲ ಅಕ್ಷರವನ್ನು ಬದಲಿಸಿ ಅರ್ಥ ಬದಲಿಸುವ ರೂಢಿ ನಮಗಿದೆ. ಆದರೆ ನಮ್ಮ ಸಾಲಿನಲ್ಲಿ ನಡುವಿನ ಮನೆ ಖಾಲಿಯಿದೆ. ಹಳಗನ್ನಡದಲ್ಲಿ 'ಇವಂ', 'ಅವಂ'ಗಳ ನಡುವೆ 'ಉವಂ' ಎಂಬ ರೂಪವೂ ಇತ್ತು. ಈಗ ಅದು ಮಾತಿನಲ್ಲಿ ಉಳಿದಿಲ್ಲ. ಹೀಗಾಗಿ 'ಸೊಕೊ' ಎಂಬುದಕ್ಕೂ 'ಅಸೊಕೊ' ಎಂಬುದಕ್ಕೂ ನಾವು 'ಅಲ್ಲಿ' ಎಂದೇ ಬರೆದುಕೊಂಡೆವು. ಟೋಕಿಯೋದಲ್ಲಿ ಎದುರಾದ ಗೊಂದಲಗಳಲ್ಲಿ ಹೆಚ್ಚಿನವು ಆ ಟಿಪ್ಪಣಿಯ ಒಂದೇ ಸಾಲಿನಿಂದ ಹುಟ್ಟಿದವು.

ಉಚ್ಚಾರಣೆಯ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ರೋಮನ್ ಅಕ್ಷರಗಳಲ್ಲಿ ಬರೆದು ಕಲಿಯುವವರಿಗೆ ಹ್ರಸ್ವ-ದೀರ್ಘಗಳ ವ್ಯತ್ಯಾಸ ಸುಲಭವಾಗಿ ತಪ್ಪಿಹೋಗುತ್ತದೆ. 'ಕೊಕೊ' ಎಂದರೆ ಇಲ್ಲಿ, 'ಕೋಕೋ' ಎಂದರೆ ಪ್ರೌಢಶಾಲೆ. 'ಸೊಕೊ' ಎಂದರೆ ಅಲ್ಲಿ, 'ಸೋಕೊ' ಎಂದರೆ ಗೋದಾಮು. ಆದ್ದರಿಂದ ಪುಸ್ತಕದ ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳ ಬದಲು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. 'ದೊಕೊ' ಎಂಬಲ್ಲಿ ಇರುವುದು ನಮ್ಮ ದಕಾರಕ್ಕೆ ಹತ್ತಿರದ ಧ್ವನಿಯೇ ಹೊರತು ಡಕಾರವಲ್ಲ.

ಹೊರಡುವ ಮುನ್ನ ಸಿದ್ಧಪಡಿಸಿಕೊಂಡ ದಾಖಲೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ವಿವಾಹ ನೋಂದಣಿ ಪತ್ರ ಮತ್ತು ಮಗಳ ಜನನ ಪ್ರಮಾಣಪತ್ರಗಳ ಮೂಲ ಪ್ರತಿಗಳು, ಅವೆರಡರ ಜಪಾನೀ ಅನುವಾದ, ಎಲ್ಲದರ ಜೆರಾಕ್ಸ್ ಪ್ರತಿಗಳು. ಬೆಂಗಳೂರಿನ ಜನನ ಪ್ರಮಾಣಪತ್ರದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುತ್ತವೆ, ಆದರೂ ಅನುವಾದ ಬೇಕಾಯಿತು. ಅನುವಾದ ಸಂಸ್ಥೆಯೊಂದು ಪುಟದ ಲೆಕ್ಕದಲ್ಲಿ ದೊಡ್ಡ ಮೊತ್ತವನ್ನೇ ಕೇಳಿತು; ಕೊನೆಗೆ ಭಾಷೆ ಬಲ್ಲ ಪರಿಚಿತರೊಬ್ಬರು ಅನುವಾದಿಸಿ, ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕಿಕೊಟ್ಟರು. ನಮ್ಮ ವಾರ್ಡಿನ ಕಚೇರಿಗೆ ಅಷ್ಟೇ ಸಾಕಾಯಿತು. ನಿಮ್ಮ ವಾರ್ಡಿನ ನಿಯಮವನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಗಳು ನಮ್ಮಿಬ್ಬರಿಗೂ ನಿವಾಸ ಕಾರ್ಡುಗಳನ್ನು ಕೈಗಿತ್ತರು. ಇದನ್ನು ಜಪಾನಿನಲ್ಲಿ 'ಜೈರ್ಯೂ ಕಾರ್ಡ್' ಎನ್ನುತ್ತಾರೆ. 2012ರ ಜುಲೈನಿಂದ ಜಾರಿಯಲ್ಲಿದೆ, ನರಿತಾ, ಹನೆದಾದಂಥ ದೊಡ್ಡ ನಿಲ್ದಾಣಗಳಲ್ಲಿ ಇಳಿದ ಕೂಡಲೇ ಕೊಡುತ್ತಾರೆ, ಶುಲ್ಕವಿಲ್ಲ. ಆ ಸಾಲಿನಲ್ಲಿ ಕೇಳಿಸಿದ್ದು ಒಂದೇ ಮಾತು: 'ಕೊಚಿರ ಎ ದೋಜೊ', ಅಂದರೆ 'ಈ ಕಡೆಗೆ ದಯಮಾಡಿ'. ತರಗತಿಯಲ್ಲಿ ನೂರು ಸಲ ಉರು ಹೊಡೆದಿದ್ದ 'ಕೊಕೊ' ಅಲ್ಲಿ ಒಮ್ಮೆಯೂ ಕೇಳಿಸಲಿಲ್ಲ. ಮುಂದೆ ಪ್ರತಿಯೊಂದು ಕೌಂಟರಿನಲ್ಲೂ ಇದೇ ಅನುಭವವಾಯಿತು. ಸಾರ್ವಜನಿಕರೊಂದಿಗೆ ಗೌರವದಿಂದ ಮಾತನಾಡುವವರು ಸ್ಥಳವನ್ನು ನೇರವಾಗಿ ಹೆಸರಿಸುವ ಕೊಕೊ, ಸೊಕೊ, ಅಸೊಕೊಗಳನ್ನು ಬದಿಗಿಟ್ಟು, ದಿಕ್ಕನ್ನು ಸೂಚಿಸುವ ಕೊಚಿರ, ಸೊಚಿರ, ಅಚಿರಗಳನ್ನೇ ಬಳಸುತ್ತಾರೆ. ಆದ್ದರಿಂದ ಬರಲಿರುವವರು ಈ ದಿಕ್ಕಿನ ಸಾಲನ್ನು ಕಿವಿಗೆ ಮೊದಲು ಒಗ್ಗಿಸಿಕೊಳ್ಳಬೇಕು. ನಮ್ಮ ತರಗತಿಯಲ್ಲಿ ಅದು ಕೊನೆಯಲ್ಲಿ, ಅವಸರದಲ್ಲಿ ಬಂದುಹೋಗಿತ್ತು.

ನಿವಾಸ ಕಾರ್ಡಿನಲ್ಲಿ ಆಗ ವಿಳಾಸ ಇರುವುದಿಲ್ಲ. ವಾಸದ ಮನೆ ಸೇರಿದ 14 ದಿನಗಳೊಳಗೆ ಆ ಪ್ರದೇಶದ ಕಚೇರಿಗೆ ಹೋಗಿ ವಿಳಾಸವನ್ನು ನೋಂದಾಯಿಸಬೇಕು. ಅವರು ಅದನ್ನು ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಡುತ್ತಾರೆ. ಗಡುವು ಮೀರಿದರೆ 2 ಲಕ್ಷ ಯೆನ್‌ವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ನಾವು ಬಂದದ್ದು ಮಾರ್ಚ್ ಕೊನೆಯಲ್ಲಿ. ಜಪಾನಿನಲ್ಲಿ ಶಾಲೆಗಳೂ ಕಚೇರಿಗಳೂ ಏಪ್ರಿಲ್‌ನಲ್ಲಿ ಹೊಸ ವರ್ಷ ಆರಂಭಿಸುವುದರಿಂದ ಅರ್ಧ ದೇಶವೇ ಮನೆ ಬದಲಿಸುವ ಕಾಲ ಅದು. ಪತಿಗೆ ರಜೆ ಸಿಗಲಿಲ್ಲ. ಮಗಳ ಕೈ ಹಿಡಿದುಕೊಂಡು ನಾನೇ ಹೊರಟೆ.

ವಾರ್ಡ್ ಕಚೇರಿಯ ಬಾಗಿಲ ಬಳಿ ಟೋಕನ್ ಯಂತ್ರ. ಚೀಟಿ ಹರಿದುಕೊಂಡು ನೋಡಿದರೆ ನಮ್ಮ ಮುಂದೆ ಎಪ್ಪತ್ತಕ್ಕೂ ಹೆಚ್ಚು ಮಂದಿ. ಸರದಿ ಬಂದಾಗ ಕೌಂಟರಿನ ಆಚೆ ಇದ್ದ ಮಹಿಳೆ ಅರ್ಜಿಯನ್ನು ನನ್ನತ್ತ ತಿರುಗಿಸಿ, ತೆರೆದ ಅಂಗೈಯಿಂದ ಒಂದು ಚೌಕವನ್ನು ತೋರಿಸಿ, 'ಕೊಚಿರ ನಿ' ಎಂದು ಆರಂಭಿಸಿ ಉದ್ದನೆಯ ವಾಕ್ಯವನ್ನೇ ಹೇಳಿದರು. ಇಲ್ಲಿ ಬೆರಳು ಮಾಡಿ ತೋರಿಸುವುದು ಕಡಿಮೆ. ಇಡೀ ಅಂಗೈಯನ್ನು ಆ ಕಡೆಗೆ ಚಾಚುತ್ತಾರೆ. ವಾಕ್ಯದ ಉಳಿದ ಭಾಗ ಅರ್ಥವಾಗದಿದ್ದರೂ ಆ ಅಂಗೈ ಮತ್ತು ಮೊದಲ ಪದ ಎರಡನ್ನೂ ಹಿಡಿದುಕೊಂಡರೆ ಕೆಲಸ ನಡೆಯುತ್ತದೆ.

ನಂತರದ ಪ್ರಶ್ನೆ ನನ್ನನ್ನು ನಿಲ್ಲಿಸಿಬಿಟ್ಟಿತು. 'ದೊಚಿರ ಗ ಮ್ಯೋಜಿ ದೆಸುಕ?' ದೊಚಿರ ಎಂದರೆ 'ಯಾವ ಕಡೆ, ಎಲ್ಲಿ' ಎಂದೇ ಮನಸ್ಸಿನಲ್ಲಿದ್ದುದರಿಂದ, ಎಲ್ಲಿಂದ ಬಂದಿರಿ ಎಂದು ಕೇಳುತ್ತಿದ್ದಾರೆಂದು ಭಾವಿಸಿ 'ಇಂಡಿಯಾ' ಎಂದೆ. ಅವರು ತಾಳ್ಮೆಯಿಂದ ಪಾಸ್‌ಪೋರ್ಟಿನ ಎರಡು ಹೆಸರುಗಳನ್ನು ಒಂದಾದ ಮೇಲೊಂದರಂತೆ ತೋರಿಸಿದರು. ಎರಡು ವಸ್ತುಗಳಿದ್ದಾಗ 'ಇವೆರಡರಲ್ಲಿ ಯಾವುದು' ಎನ್ನಲು ಬಳಸುವುದೂ ಇದೇ 'ದೊಚಿರ'. ಅವರು ಕೇಳಿದ್ದು, ಇವೆರಡರಲ್ಲಿ ಮನೆತನದ ಹೆಸರು ಯಾವುದು ಎಂದು. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಆಗಿ ಇಟ್ಟುಕೊಳ್ಳುವ ನಮ್ಮ ಕಡೆಯವರಿಗೆ ಈ ಪ್ರಶ್ನೆ ಪ್ರತಿಯೊಂದು ಕಚೇರಿಯಲ್ಲೂ ಬರುತ್ತದೆ. ಯಾವುದನ್ನು ಮನೆತನದ ಹೆಸರೆಂದು ಹೇಳಬೇಕೆಂಬುದನ್ನು ಮನೆಯಲ್ಲೇ ನಿರ್ಧರಿಸಿ, ಎಲ್ಲ ಕಡೆಯೂ ಅದನ್ನೇ ಹೇಳಿ. ಇಲ್ಲವಾದರೆ ಬ್ಯಾಂಕಿನಲ್ಲಿ ತೊಂದರೆಯಾಗುತ್ತದೆ.

ಅರ್ಜಿ ಪಡೆದುಕೊಂಡು ಅವರು 'ಸೊಚಿರ ನಿ' ಕುಳಿತು ಕಾಯಿರಿ ಎಂದರು. ಕುರ್ಚಿಗಳು ನನ್ನ ಬೆನ್ನ ಹಿಂದೆ, ಎರಡೇ ಹೆಜ್ಜೆಯಲ್ಲಿ ಇದ್ದವು. ನನಗೆ ಅವು 'ಇಲ್ಲಿ'ಯೇ. ನಡುವಿನ ದೂರಕ್ಕೆ 'ಸೊ' ಎಂದು ಕಲಿತಿದ್ದ ನಾನು ಸಭಾಂಗಣದ ಮಧ್ಯದತ್ತ ನಡೆದೆ. ಅವರು ಎದ್ದು ನಿಂತು ಮತ್ತೆ ಅದೇ ಪದವನ್ನು ಹೇಳಿ, ನನ್ನ ಹಿಂದಿನ ಕುರ್ಚಿಯತ್ತ ಅಂಗೈ ಚಾಚಿದರು. ವಿಷಯ ದೂರದ್ದಲ್ಲ, ಯಾರ ಬದಿಯದು ಎಂಬುದು ಆಗ ಸ್ಪಷ್ಟವಾಯಿತು. ಎದುರುಬದುರು ನಿಂತಾಗ ಕೌಂಟರೇ ಗಡಿ. ಹೇಳುವವರ ಬದಿಯದೆಲ್ಲ 'ಕೊ', ಕೇಳುವವರ ಬದಿಯದೆಲ್ಲ 'ಸೊ', ಇಬ್ಬರದೂ ಅಲ್ಲದ ಕಡೆಯದು 'ಅ'. ಈ ಪದಗಳನ್ನು ದೂರದಿಂದಲ್ಲದೆ ಮಾತನಾಡುವವರ ಮತ್ತು ಕೇಳುವವರ ವಲಯಗಳಿಂದ ವಿವರಿಸಬೇಕೆಂದು 1936ರಲ್ಲೇ ಸಕುಮ ಕನಎ ಎಂಬ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆಂದು ಆಮೇಲೆ ಓದಿದೆ. ನನ್ನ ಮಟ್ಟಿಗೆ ಆ ತತ್ತ್ವವನ್ನು ತಿಳಿಸಿದ್ದು ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ.

ಕಾಯುವಿಕೆ ಮಧ್ಯಾಹ್ನ ದಾಟಿತು. ಮಗಳು ಹಸಿವಿನಿಂದ ಅಳುವ ಹಂತಕ್ಕೆ ಬಂದಿದ್ದಳು. ನಮ್ಮ ಸಂಖ್ಯೆಯನ್ನು ಕೂಗಿಬಿಟ್ಟರೆ ಎಂಬ ಭಯಕ್ಕೆ ನಾನು ಕಟ್ಟಡದಿಂದ ಹೊರಗೆ ಹೋಗಲಿಲ್ಲ. ಮಕ್ಕಳೊಂದಿಗೆ ಹೋಗುವವರು ಚಪಾತಿಯನ್ನೋ ಬಿಸ್ಕತ್ತನ್ನೋ ಕಟ್ಟಿಕೊಂಡು ಹೋಗಿ. ಕಡೆಗೆ ವಿಳಾಸ ಬರೆದ ಕಾರ್ಡುಗಳು ಕೈಗೆ ಬಂದವು. ನೋಂದಣಿಗೆ ಹಣ ಪಡೆಯುವುದಿಲ್ಲ. 'ಜೂಮಿನ್‌ಹ್ಯೋ' ಎಂಬ ನಿವಾಸ ದೃಢೀಕರಣ ಪತ್ರದ ಪ್ರತಿಗೆ ಮಾತ್ರ 300 ಯೆನ್ ಕೊಟ್ಟೆ. ಈ ದರ ಒಂದೊಂದು ಆಡಳಿತಕ್ಕೂ ಬದಲಾಗುತ್ತದೆ. ಮುಂದೆ ಹಲವೆಡೆ ಕೇಳುತ್ತಾರಾದ್ದರಿಂದ ಒಂದೆರಡು ಪ್ರತಿ ಹೆಚ್ಚಿಗೆ ತೆಗೆದುಕೊಳ್ಳುವುದು ಲೇಸು.

ಅಷ್ಟಕ್ಕೇ ಮುಗಿಯಲಿಲ್ಲ. ಮಕ್ಕಳ ಭತ್ಯೆಗೂ ಶಾಲಾ ಪ್ರವೇಶಕ್ಕೂ ಬೇರೆ ಬೇರೆ ವಿಭಾಗಗಳಿದ್ದವು. ಭತ್ಯೆಯ ಅರ್ಜಿಗೆ 15 ದಿನಗಳ ಲೆಕ್ಕವಿದೆ, ಅದನ್ನು ಮುಂದೂಡಬೇಡಿ. 'ಅಚಿರ ನೊ ಮದೊಗುಚಿ', ಆ ಕಡೆಯ ಕೌಂಟರು, ಎಂದು ಆ ಮಹಿಳೆ ಇಬ್ಬರಿಂದಲೂ ದೂರವಿದ್ದ ಗೋಡೆಯತ್ತ ಅಂಗೈ ಚಾಚಿದರು. ಅಲ್ಲಿಗೆ ಹೋದರೆ ಒಂದೇ ಬಗೆಯ ಮೂರು ಕೌಂಟರುಗಳು. ಎಡಬಿಡದೆ ತಿರುಗಾಡುತ್ತಿದ್ದ ಮಾರ್ಗದರ್ಶಕರೊಬ್ಬರು ಬಳಿಗೆ ಬಂದು, ನನ್ನ ಪಕ್ಕದಲ್ಲೇ ನಿಂತು, ನನ್ನ ಚೀಟಿಯನ್ನು ನೋಡಿ, 'ಸೊಕೊ ನೊ ಎರೆಬೇತಾ' ಎಂದರು. ನನ್ನ ಬದಿಯಲ್ಲಿ ಲಿಫ್ಟ್ ಎಲ್ಲಿದೆ ಎಂದು ಹುಡುಕಿದೆ. ಲಿಫ್ಟ್ ಇದ್ದದ್ದು ನಮ್ಮಿಬ್ಬರ ಮುಂದೆ, ಹತ್ತು ಹೆಜ್ಜೆಯಾಚೆ.

ಕೌಂಟರಿನಲ್ಲಿ ಕಲಿತ ನಿಯಮ ಇಲ್ಲಿ ನಡೆಯುವುದಿಲ್ಲ. ಹೇಳುವವರೂ ಕೇಳುವವರೂ ಒಂದೇ ಕಡೆ ಮುಖ ಮಾಡಿ ಅಕ್ಕಪಕ್ಕ ನಿಂತುಬಿಟ್ಟರೆ ನಡುವಿನ ಗಡಿ ಅಳಿದು ಇಬ್ಬರ ವಲಯವೂ ಒಂದಾಗುತ್ತದೆ. ಆಗ 'ಕೊ' ಇಬ್ಬರಿಗೂ ಹತ್ತಿರದ್ದು, 'ಸೊ' ಸ್ವಲ್ಪ ಆಚೆಯದು, 'ಅ' ಇನ್ನೂ ಆಚೆಯದು. ತರಗತಿಯ ಕೋಷ್ಟಕ ಸರಿಹೊಂದುವುದು ಇಂಥ ಸಂದರ್ಭಕ್ಕೆ. ಟ್ಯಾಕ್ಸಿಯಲ್ಲಿ 'ಸೊಕೊ ನೊ ಕದೊ', ಅಂದರೆ ಅಗೋ ಆ ತಿರುವಿನಲ್ಲಿ, ಎಂದು ಚಾಲಕರಿಗೆ ಹೇಳುವುದೂ ಇದೇ ಲೆಕ್ಕದಲ್ಲಿ. ಪ್ರಯಾಣಿಕರೂ ಚಾಲಕರೂ ನೋಡುತ್ತಿರುವುದು ಒಂದೇ ರಸ್ತೆಯನ್ನು. ಹೀಗಾಗಿ 'ಸೊ' ಕಿವಿಗೆ ಬಿದ್ದಾಗ ಹೇಳುವವರು ಎದುರಿಗಿದ್ದಾರೋ ಪಕ್ಕದಲ್ಲಿದ್ದಾರೋ ಎಂದು ಮೊದಲು ನೋಡುವುದನ್ನು ರೂಢಿಸಿಕೊಂಡೆ. ಅದು ಅಭ್ಯಾಸವಾದ ಮೇಲೆ ಕಚೇರಿಗಳ ಭಯ ಅರ್ಧ ಇಳಿಯಿತು.

ಲಿಫ್ಟಿನ ಒಳಗೆ ಇನ್ನೊಂದು ತೊಡಕು. ಜಪಾನಿನಲ್ಲಿ ನೆಲಮಹಡಿಯೇ 1ನೆಯ ಮಹಡಿ. 'ಸನ್‌ಗೈ', ಮೂರನೆಯ ಮಹಡಿ ಎಂದರೆ ನಮ್ಮ ಲೆಕ್ಕದ ಎರಡನೆಯದು. ಗುಂಡಿಯನ್ನು ಒತ್ತುವಾಗ ಅವರ ಸಂಖ್ಯೆಯನ್ನೇ ನಂಬಿದರೆ ಸಾಕು. ಮೆಟ್ಟಿಲು ಹತ್ತುವವರು ಮಾತ್ರ ಎಣಿಸುವಾಗ ಎಚ್ಚರವಾಗಿರಬೇಕು.

ಶಾಲಾ ವಿಭಾಗದ ಕೆಲಸ ಬೇಗ ಮುಗಿಯಿತು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಬೋಧನಾ ಶುಲ್ಕವಿಲ್ಲ, ಪಠ್ಯಪುಸ್ತಕಗಳೂ ಉಚಿತ. ಆಮೇಲೆ ಶಾಲೆಯನ್ನು ನೋಡಲು ಹೋದಾಗ ಬಾಗಿಲಲ್ಲಿ ಪಾದರಕ್ಷೆ ಕಳಚುವ ಸೂಚನೆಯಿತ್ತು. ಆ ಸೂಚನೆಯ ಬಗ್ಗೆ ಜಪಾನಿನಲ್ಲಿ ಒಂದು ಹಳೆಯ ನಗೆಮಾತಿದೆ: 'ಕೊಕೊ ದೆ ಹಕಿಮೊನೊ' ಎಂದು ಬಿಡಿಸಿದರೆ 'ಇಲ್ಲಿ ಪಾದರಕ್ಷೆ ಕಳಚಿ' ಎಂದಾಗುತ್ತದೆ, ಪದಗಳ ನಡುವೆ ಅಂತರವಿಲ್ಲದೆ ಬರೆದ ಅದೇ ಅಕ್ಷರಗಳನ್ನು 'ಕೊಕೊ ದೆವ ಕಿಮೊನೊ' ಎಂದು ಬಿಡಿಸಿದರೆ ('ಹ' ಅಕ್ಷರವನ್ನೇ ಪ್ರತ್ಯಯವಾದಾಗ 'ವ' ಎಂದು ಓದುತ್ತಾರೆ) ಕಿಮೊನೊವನ್ನೇ ಕಳಚಬೇಕಾಗುತ್ತದೆ. ಈ ನೆವದಲ್ಲಿ ಪ್ರತ್ಯಯಗಳನ್ನೂ ಹೇಳಿಬಿಡುತ್ತೇನೆ. ಕೆಲಸ ನಡೆಯುವ ಸ್ಥಳಕ್ಕೆ 'ದೆ', ವಸ್ತು ಅಥವಾ ವ್ಯಕ್ತಿ ಇರುವ ಸ್ಥಳಕ್ಕೆ 'ನಿ'. ಕನ್ನಡದಲ್ಲಿ ಎರಡಕ್ಕೂ 'ಅಲ್ಲಿ' ಸಾಕಾಗುತ್ತದೆ: ಶಾಲೆಯಲ್ಲಿ ಇದ್ದಾಳೆ, ಶಾಲೆಯಲ್ಲಿ ಓದುತ್ತಾಳೆ. ಜಪಾನೀ ಭಾಷೆಯಲ್ಲಿ ಮೊದಲನೆಯದಕ್ಕೆ 'ನಿ', ಎರಡನೆಯದಕ್ಕೆ 'ದೆ' ಬರುತ್ತದೆ.

ಎಲ್ಲಕ್ಕಿಂತ ದೀರ್ಘವಾಗಿ ಎಳೆದಾಡಿದ್ದು ಬ್ಯಾಂಕ್ ಖಾತೆ. ಖಾತೆಗೆ ಜಪಾನಿನ ಫೋನ್ ಸಂಖ್ಯೆ ಬೇಕು. ನಾವು ಆರಿಸಿಕೊಂಡ ಫೋನ್ ಯೋಜನೆಗೆ ಬ್ಯಾಂಕ್ ಖಾತೆ ಬೇಕು. ಮುಂಗಡ ಹಣ ಕಟ್ಟುವ ಬೇರೊಂದು ಯೋಜನೆಯಿಂದ ಸಂಖ್ಯೆ ಪಡೆದು, ಬ್ಯಾಂಕಿಗೆ ಫೋನ್ ಮಾಡಿ ಸಮಯ ಗೊತ್ತುಪಡಿಸಬೇಕಾಯಿತು. ಫೋನಿನಲ್ಲಿ ಅಂಗೈ ಕಾಣಿಸುವುದಿಲ್ಲ. ಆ ಕಡೆಯವರು 'ಕೊಚಿರ ಕರ' ಕರೆ ಮಾಡುತ್ತೇವೆ ಎಂದಾಗ ಯಾವ 'ಇಲ್ಲಿಂದ' ಎಂದು ತಬ್ಬಿಬ್ಬಾದೆ. ಇಂಥ ಮಾತುಕತೆಯಲ್ಲಿ ಕೊಚಿರ ಎಂದರೆ 'ನಾವು', ಸೊಚಿರ ಎಂದರೆ 'ನೀವು, ನಿಮ್ಮ ಕಡೆ'. ನಾವು ಊರಿಗೆ ಫೋನ್ ಮಾಡಿ 'ಅಲ್ಲಿ ಮಳೆ ಬರ್ತಿದೆಯಾ?' ಎಂದು ಕೇಳುವಾಗ ಸಾವಿರಾರು ಕಿಲೋಮೀಟರ್ ದೂರವಿದ್ದರೂ, ಜಪಾನೀ ಭಾಷೆಯಲ್ಲಿ ಆ 'ಅಲ್ಲಿ' 'ಸೊಚಿರ'ವೇ ಆಗುತ್ತದೆ, 'ಅಸೊಕೊ' ಆಗುವುದಿಲ್ಲ. ಏಕೆಂದರೆ ಅದು ಕೇಳುವವರಿರುವ ಜಾಗ. ಬ್ಯಾಂಕಿನವರ ಮರುಕರೆ ಹೇಳಿದ ದಿನ ಬರಲಿಲ್ಲ. ಇನ್ನೊಮ್ಮೆ ನಾನೇ ಕರೆ ಮಾಡಿ 'ಸೊಚಿರ'ಕ್ಕೆ ಬರುತ್ತೇನೆಂದು ಹೇಳಿ, ನೇರವಾಗಿ ಶಾಖೆಗೆ ಹೋಗಿ ಕುಳಿತೆ.

ಆ ಶಾಖೆಯನ್ನು ಹುಡುಕುವುದೂ ಒಂದು ಪ್ರಯಾಸ. ಟೋಕಿಯೋದ ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ; ವಿಳಾಸವೆಂದರೆ ಪ್ರದೇಶ, ಅದರೊಳಗಿನ ಭಾಗ, ಕಟ್ಟಡ ಸಮೂಹ ಮತ್ತು ಕಟ್ಟಡಗಳ ಸಂಖ್ಯೆಗಳು. ದಾರಿ ತಪ್ಪಿದವರು 'ಕೋಬನ್' ಎಂಬ ಪುಟ್ಟ ಪೊಲೀಸ್ ಚೌಕಿಗೆ ಹೋಗಿ ಕೇಳುವುದು ಇಲ್ಲಿನ ಸಾಮಾನ್ಯ ರೂಢಿ. ಅಲ್ಲಿದ್ದ ಪೊಲೀಸರು ನಕ್ಷೆ ಬಿಡಿಸಿ, 'ಕೊಕೊ' ಎಂದು ನಾವು ನಿಂತ ಜಾಗದ ಮೇಲೆ ಪೆನ್ನಿಟ್ಟು, ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತು 'ಅಸೊಕೊ ನೊ ಶಿಂಗೋ', ಅಂದರೆ ಆ ದೂರದ ಸಿಗ್ನಲ್, ಎಂದು ತೋರಿಸಿದರು. ತರಗತಿ ಬಿಟ್ಟ ಮೇಲೆ ಮೂಲ ರೂಪಗಳು ಇಷ್ಟು ಸ್ಪಷ್ಟವಾಗಿ ಕಿವಿಗೆ ಬಿದ್ದದ್ದು ಅಲ್ಲಿಯೇ. ಕೇಳುವಾಗ ನೀವು 'ದೊಕೊ ದೆಸುಕ' ಎಂದರೂ ತಪ್ಪಿಲ್ಲ. 'ದೊಚಿರ ದೆಸುಕ' ಎಂದರೆ ಹೆಚ್ಚು ವಿನಯ. ಮಕ್ಕಳೂ ಆಪ್ತರೂ ಬಳಸುವ 'ಕೊಚ್ಚಿ, ಸೊಚ್ಚಿ, ಅಚ್ಚಿ, ದೊಚ್ಚಿ'ಗಳನ್ನು ಮಗಳು ಶಾಲೆಗೆ ಸೇರಿದ ಕೂಡಲೇ ಕಲಿತು ಬಂದಳು. ಅವನ್ನು ಕಚೇರಿಯಲ್ಲಿ ಹೇಳಬಾರದು.

ಕಣ್ಣಿಗೆ ಕಾಣದ ಸ್ಥಳಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ; ಅದು ತಿಳಿದದ್ದು ಪಕ್ಕದ ಮನೆಯ ಹಿರಿಯ ಮಹಿಳೆಯಿಂದ. ಅವರಿಗೂ ನನಗೂ ಪರಿಚಯವಿರುವ ಅಂಗಡಿಯ ಮಾತು ಬಂದರೆ ಅವರು 'ಅಸೊಕೊ' ಎನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ತರಗತಿಯಿತ್ತು, ಅಲ್ಲಿ ಕಲಿತೆ ಎಂದು ನಾನು ಹೇಳಬೇಕಾದರೆ 'ಸೊಕೊ ದೆ' ಎನ್ನಬೇಕು, ಏಕೆಂದರೆ ಆ ಸ್ಥಳ ಅವರಿಗೆ ತಿಳಿಯದು. ಇಬ್ಬರ ನೆನಪಿನಲ್ಲೂ ಇರುವುದಕ್ಕೆ 'ಅ', ಒಬ್ಬರಿಗೆ ಮಾತ್ರ ತಿಳಿದಿರುವುದಕ್ಕೆ 'ಸೊ'. ಅವರಿಗೆ ಗೊತ್ತಿಲ್ಲದ ಜಾಗವನ್ನು ಅಸೊಕೊ ಎಂದರೆ, ತಾವು ಮರೆತಿದ್ದೇವೇನೋ ಎಂದು ಕೇಳುವವರು ಯೋಚನೆಗೆ ಬೀಳುತ್ತಾರೆ. ಇನ್ನು, ಎಲ್ಲಿಗೆ ಹೊರಟಿರಿ ಎಂದು ಅವರು ಕೇಳಿದಾಗ 'ಚೊತ್ತೊ ಸೊಕೊ ಮದೆ', ಹೀಗೇ ಇಲ್ಲಿಯವರೆಗೆ, ಎಂದರೆ ಸಾಕು. ಊರುಕೇರಿಯ ವಿವರವನ್ನು ಯಾರೂ ಬಯಸುವುದಿಲ್ಲ.

ಬ್ಯಾಂಕಿನ ಕಾರ್ಡ್ ಅಂಚೆಯಲ್ಲಿ ಬಂದಿದೆ, ಶಾಲೆಯೂ ನಡೆಯುತ್ತಿದೆ. ಮುಂದಿನ ವಸಂತಕ್ಕೆ ಬರುವವರಿಗೆ ಹೇಳುವುದಿಷ್ಟು: ನೋಂದಣಿಗೆ ಗಡುವಿನ ಎರಡನೆಯ ವಾರದವರೆಗೆ ಕಾಯದೆ ಬಂದ ಕೂಡಲೇ, ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಯಾರಾದರೂ ದಿಕ್ಕು ತೋರಿಸಿದಾಗ ತಲೆಯಾಡಿಸಿ ಹೊರಡದೆ, ನಿಮ್ಮ ಅಂಗೈಯನ್ನೂ ಅದೇ ಕಡೆಗೆ ಚಾಚಿ 'ಅಚಿರ ದೆಸು ನೆ?' ಎಂದು ಕೇಳಿ. ಸರಿಯಿದ್ದರೆ 'ಹಾಯ್', ಅಂದರೆ ಹೌದು, ಎನ್ನುತ್ತಾರೆ, ಇಲ್ಲದಿದ್ದರೆ ಬಹುತೇಕ ಜೊತೆಗೇ ನಡೆದು ಬಂದು ತೋರಿಸುತ್ತಾರೆ.